ನನಗೆ ಕೇಳಿಸಿದ ಗುಡುಗು

ವಾಲ್ನಟ್ ಬೆಂಡ್, ಅಯೋವಾ
ಏಪ್ರಿಲ್ 28, ಸೋಮವಾರ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ತಿಳಿಸು. ಊತ ಇಳಿಯಿತೇ? ನೌಕಾಪಡೆಯ ತರಬೇತಿಯಲ್ಲಿ ಊಟದ ತಟ್ಟೆ ಮುಂದಿಟ್ಟು ಎಂಟೇ ನಿಮಿಷಕ್ಕೆ ಎಬ್ಬಿಸಿಬಿಡುತ್ತಾರೆ ಎಂದು ನೀನು ಬರೆದಿದ್ದೆಯಲ್ಲ, ಅಮ್ಮ ಆ ಸಾಲನ್ನು ಮೂರು ಸಲ ಓದಿದಳು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ತಾನೂ ಎಂಟು ನಿಮಿಷದಲ್ಲಿ ಉಂಡು ನೋಡಿದಳು. ಅವಳಿಗೆ ಬಿಕ್ಕಳಿಕೆ ಹಿಡಿಯಿತು. ಜೊತೆಗೆ ಕೂತಿದ್ದ ಅಪ್ಪನದು ಆರು ನಿಮಿಷಕ್ಕೇ ಮುಗಿದಿತ್ತು. ಅವರಿಗೆ ಇದೊಂದು ಪರೀಕ್ಷೆ ಎಂಬುದೇ ಗೊತ್ತಿರಲಿಲ್ಲ.

ಹಿಂದಿನ ಪತ್ರದ ಲಕೋಟೆಯ ಮೇಲೆ ನಾನು ‘ಮಹಾರಾಣಿ ಬ್ರಿಟಾ ಕೊಲಾರಿಕ್ ಅವರಿಗೆ, ಅವರ ಗೊರಕೆಯ ಅಭಿಮಾನಿಗಳಿಂದ’ ಎಂದು ಬರೆದದ್ದಕ್ಕೆ ನಿನ್ನಿಂದ ಎಲ್ಲರೆದುರು ಇಪ್ಪತ್ತು ದಂಡ ಹೊಡೆಸಿದರಂತೆ. ಆ ಬಗ್ಗೆ ಈ ಮೂಲಕ ವಿಧಿವತ್ತಾಗಿ ಕ್ಷಮೆ ಕೋರುತ್ತೇನೆ. ಈ ಸಲದ ಲಕೋಟೆಯ ಮೇಲೆ ನಿನ್ನ ಹೆಸರು, ವಿಳಾಸ, ಅಂಚೆಚೀಟಿ ಬಿಟ್ಟರೆ ಬೇರೇನೂ ಇಲ್ಲ. ಕಾರಣ ಇಷ್ಟೇ. ಈ ಪತ್ರದಲ್ಲಿ ಒಂದು ಮಾತಿದೆ, ಅದನ್ನು ನೀನು ನಂಬಲೇಬೇಕು. ನನ್ನಂಥವನು ನಂಬಿಕೆ ಗಳಿಸಬೇಕಾದರೆ ಲಕೋಟೆಯಿಂದಲೇ ಸಭ್ಯತೆ ಶುರುಮಾಡಬೇಕು.

ಹೋದ ವರ್ಷದ ನನ್ನ ಅಪರಾಧ ನಿನಗೆ ಗೊತ್ತು. ಆದರೂ ಈಗಿನ ಕಥೆ ಅದರ ಮೇಲೆಯೇ ನಿಂತಿರುವುದರಿಂದ ಮತ್ತೊಮ್ಮೆ ದಾಖಲಿಸುತ್ತೇನೆ. ಗ್ರೇ ಬ್ಲಫ್ ಕಾಲೇಜಿನ ಮೈದಾನದಲ್ಲಿ ನಮ್ಮ ಲಕ್ರಾಸ್ ತಂಡ ನಾಲ್ಕು ಗೋಲಿನಿಂದ ಹಿಂದಿತ್ತು. ಗುಡುಗು ಕೇಳಿಸಿದರೆ ಆಟ ನಿಲ್ಲಿಸಿ ಎಲ್ಲರೂ ಅರ್ಧ ಗಂಟೆ ಒಳಗೆ ಕೂರಬೇಕು, ನಡುವೆ ಮತ್ತೆ ಗುಡುಗಿದರೆ ಅರ್ಧ ಗಂಟೆಯ ಲೆಕ್ಕ ಮೊದಲಿನಿಂದ ಶುರು. ಇದು ಕಾಲೇಜು ಕ್ಲಬ್ಬುಗಳ ಒಕ್ಕೂಟದ ನಿಯಮ. ದಣಿದ ನಮ್ಮ ಹುಡುಗರಿಗೆ ವಿಶ್ರಾಂತಿ ಸಿಗಲಿ ಎಂಬ ಶುದ್ಧ ಮಾನವೀಯ ಉದ್ದೇಶದಿಂದ ನಾನು ನನ್ನ ಫೋನನ್ನು ಅವರ ಧ್ವನಿವರ್ಧಕಕ್ಕೆ ಸಿಕ್ಕಿಸಿ ಗುಡುಗಿನ ಸದ್ದು ಹಾಕಿದೆ. ಇಸ್ತ್ರಿ ಹಾಕಿದಂಥ ನೀಲಿ ಆಕಾಶದ ಕೆಳಗೆ ಇನ್ನೂರು ಜನ ಓಡಿದರು. ಎರಡನೆಯ ಗುಡುಗಿನ ಬೆನ್ನಿಗೇ ‘ಬೆನ್ನುನೋವೇ? ಇಂದೇ ಹೊಸ ಹಾಸಿಗೆ ಕೊಳ್ಳಿ’ ಎಂಬ ಜಾಹೀರಾತು ಮೊಳಗದೆ ಹೋಗಿದ್ದರೆ ನಾನು ಈಗಲೂ ಮರ್ಯಾದಸ್ಥನಾಗಿರುತ್ತಿದ್ದೆ.

ಶಿಕ್ಷೆಯೂ ನಿನಗೆ ಗೊತ್ತು. ಕಾಲೇಜಿನ ಕೊನೆಯ ವರ್ಷವೆಲ್ಲ ನಾನು ಚೆಂಡು ಹಿಡಿದೆಸೆಯುವ ಆ ಬಲೆಯ ಕೋಲು ಮುಟ್ಟುವಂತಿಲ್ಲ. ನಮ್ಮ ಕ್ಲಬ್ಬಿನ ಮೇಲೆ ಒಂದು ವರ್ಷ ಕಣ್ಗಾವಲು. ಅಷ್ಟರೊಳಗೆ ಇನ್ನೊಂದೇ ಒಂದು ದೂರು ಸಾಬೀತಾದರೂ ಕ್ಲಬ್ಬು ಮೂರು ವರ್ಷ ಒಕ್ಕೂಟದಿಂದ ಹೊರಗೆ. ಈ ವರ್ಷ ಸೇರಿದ ಒಂಬತ್ತು ಹುಡುಗರು ಓದು ಮುಗಿಸಿ ಹೋಗುವವರೆಗೆ ಒಂದು ಪಂದ್ಯವನ್ನೂ ಆಡುವಂತಿಲ್ಲ ಎಂದೇ ಅದರ ಅರ್ಥ. ಅದರ ಮೇಲೆ ಒಕ್ಕೂಟದ ಅಧ್ಯಕ್ಷೆ ಮಿಸೆಸ್ ಹೂಕ್‌ಸ್ಟ್ರಾ ನನಗೊಂದು ವಿಶೇಷ ಪ್ರಸಾದ ಕೊಟ್ಟರು. “ಪಂದ್ಯಾವಳಿ ನಡೆಸೋ ಕಷ್ಟ ಗೊತ್ತಿಲ್ದೋನೇ ಅದನ್ನ ಹಾಳುಮಾಡೋದು. ಮುಂದಿನ ವರ್ಷದ ಚಾಂಪಿಯನ್‌ಷಿಪ್ಪು ನಿಮ್ಮೂರಲ್ಲಿ. ನಡೆಸೋನು ನೀನು.”

ಅಕ್ಕಾ, ನಡೆಸಿದೆ. ನಮ್ಮಂಥ ಕ್ಲಬ್ಬಿಗೆ ಕಾಲೇಜಿನವರು ಮೈದಾನದ ಬೀಗದಕೈ ಕೊಡುತ್ತಾರೆ, ಮಿಕ್ಕದ್ದೆಲ್ಲ ನಮ್ಮದೇ ತಲೆನೋವು. ರೆಫರಿಗಳಿಗೆ ಹೋಟೆಲು, ಅವರಲ್ಲೊಬ್ಬರಿಗೆ ಈರುಳ್ಳಿಯಿಲ್ಲದ ಸ್ಯಾಂಡ್‌ವಿಚ್ಚು, ಬಸ್ಸು ನಿಲ್ಲಿಸುವ ಜಾಗ, ಗಾಯವಾದರೆ ನೋಡುವ ತಜ್ಞೆ, ಅವಳಿಗೆ ಎರಡು ತೊಟ್ಟಿ ಮಂಜುಗಡ್ಡೆ, ತಾತ್ಕಾಲಿಕ ಶೌಚಾಲಯ. ಆ ಶೌಚಾಲಯಗಳನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಬೇಕೆಂಬ ಅಮೂಲ್ಯ ಜ್ಞಾನ ಶುಕ್ರವಾರ ಸಂಜೆ ಲಭಿಸಿತು. ಗೋಲಿನ ಸುತ್ತಲ ವೃತ್ತವನ್ನು ನಾವೇ ಬಣ್ಣದಲ್ಲಿ ಎಳೆದೆವು. ನಡುವೆ ಒಂದು ಮೊಳೆ, ಅದಕ್ಕೆ ಒಂಬತ್ತು ಅಡಿ ದಾರ. ನಮ್ಮ ತಂಡದ ನಾಯಕ ಲೆವೈ ಮೊಳೆ ಹಿಡಿದು ಕೂತಿದ್ದ, ನಾನು ದಾರದ ಇನ್ನೊಂದು ತುದಿ ಹಿಡಿದು ಬಣ್ಣದ ಡಬ್ಬಿಯೊಂದಿಗೆ ಸುತ್ತು ಬಂದೆ. ಎದ್ದು ನೋಡಿದರೆ ಅವನು ವೃತ್ತದೊಳಗೆ ಸಿಕ್ಕಿಕೊಂಡಿದ್ದ. ಬಣ್ಣ ಆರುವ ತನಕ ಅಲ್ಲೇ ಕೂತಿರಬೇಕೆಂದು ನಿಯಮಾವಳಿಯಲ್ಲಿದೆ ಎಂದೆ. ಪಾಪ, ಕಾಲು ಗಂಟೆ ಕೂತ. ಅದೊಂದು ಬಿಟ್ಟರೆ ಎರಡು ದಿನ ನಾನು ಪಾದ್ರಿಯಂತೆ ಬಾಳಿದ್ದೇನೆ.

ಮಿಸೆಸ್ ಹೂಕ್‌ಸ್ಟ್ರಾ ಶನಿವಾರ ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಧ್ವನಿವರ್ಧಕದ ತಂತಿ ಬಿಚ್ಚಿ ತಮ್ಮ ಕೈಚೀಲದಲ್ಲಿ ಹಾಕಿಕೊಂಡದ್ದು. ಎರಡನೆಯದು, ನಿಯಮಪುಸ್ತಕ ತೆಗೆದು ಮುಖ ಗಂಟಿಕ್ಕಿಕೊಂಡದ್ದು. ಹವಾಮಾನದ ಮೇಲೆ ಕಣ್ಣಿಟ್ಟು ಆಟ ನಿಲ್ಲಿಸುವ ಅಧಿಕಾರ ಪಂದ್ಯಾವಳಿ ನಡೆಸುವವನದೇ, ಅಂದರೆ ನನ್ನದೇ, ಎಂದು ಅದರಲ್ಲಿ ಬರೆದಿತ್ತು. “ಕುರಿ ಕಾಯೋಕೆ ತೋಳನ್ನ ನೇಮಿಸಿದ ಹಾಗಾಯ್ತು” ಎಂದು ಲೆವೈ ನಕ್ಕ. ಅವರು ನಗಲಿಲ್ಲ.

ಶನಿವಾರದ ಎರಡು ಪಂದ್ಯಗಳೂ ಹೂವೆತ್ತಿದಂತೆ ಮುಗಿದವು. ಅಮ್ಮ ಮೈದಾನದಂಚಿನ ತನ್ನ ಡೇರೆಯಂಗಡಿಯಲ್ಲಿ ಮೆಕ್ಕೆಜೋಳದ ಚಿಪ್ಸಿನ ಪೊಟ್ಟಣ ಸೀಳಿ ಅದರೊಳಗೆ ಬಿಸಿ ಮಾಂಸದ ಸಾರು ಸುರಿದು ಕೊಟ್ಟೂ ಕೊಟ್ಟೂ ಸೋತಳು. ಈರುಳ್ಳಿ ಬೇಡವೆಂದ ರೆಫರಿ ಮೂರು ಪೊಟ್ಟಣ ತಿಂದರು, ಮೂರರಲ್ಲೂ ಈರುಳ್ಳಿಯಿತ್ತು. ಭಾನುವಾರ ಫೈನಲ್ಲು. ಎದುರಾಳಿ ಯಾರು ಅಂತೀಯಾ? ಗ್ರೇ ಬ್ಲಫ್.

ಈಗ ಆ ಮಾತಿಗೆ ಬರುತ್ತೇನೆ. ಕೊನೆಯ ಕಾಲುಭಾಗ, ಇನ್ನು ಹನ್ನೊಂದು ನಿಮಿಷದ ಆಟ ಬಾಕಿ. ಗ್ರೇ ಬ್ಲಫ್ ಹತ್ತು, ನಾವು ಏಳು. ಅವರ ಕಡೆಯವರು ಡೋಲು ಬಡಿಯುತ್ತ, ದನದ ಕೊರಳ ಗಂಟೆ ಅಲ್ಲಾಡಿಸುತ್ತ ಕಿವಿ ಕಿತ್ತುಹಾಕುತ್ತಿದ್ದರು. ಗೋಲಿನ ಹಿಂದಿನ ಗೆರೆಯುದ್ದಕ್ಕೂ ಚೆಂಡುಗಳನ್ನು ಸಾಲಾಗಿ ಇಡುವುದು ಆತಿಥೇಯರ ಕೆಲಸ. ಇಟ್ಟ ಚೆಂಡು ಖಾಲಿಯಾಗಿದ್ದರಿಂದ ನಾನು ಬಕೆಟ್ಟು ಹಿಡಿದು ಅವರ ಗೋಲಿನ ಹಿಂದೆ, ಸೋಯಾ ಹೊಲದ ಬೇಲಿಯ ಹತ್ತಿರ ಹೋಗಿದ್ದೆ. ಡೋಲಿನ ಗಲಾಟೆ ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಆಟ ಆಚೆ ತುದಿಯಲ್ಲಿತ್ತು. ಈ ತುದಿಯಲ್ಲಿ ಇದ್ದದ್ದು ನಾನು ಮತ್ತು ನನಗೆ ಬೆನ್ನು ಹಾಕಿ ನಿಂತಿದ್ದ ಅವರ ಗೋಲ್‌ಕೀಪರ್ ಆಮೋಸ್ ಪೆಟ್ರಿ, ಇಬ್ಬರೇ. ಆಗ ಪಶ್ಚಿಮದ ಕಡೆಯಿಂದ, ಪಕ್ಕದ ಮನೆಯಲ್ಲಿ ಯಾರೋ ಮರದ ಬೀರು ಎಳೆದ ಹಾಗೆ, ಒಂದು ಸದ್ದು ಉರುಳಿತು.

ಗುಡುಗು. ಅಕ್ಕಾ, ಗುಡುಗೇ.

ತಲೆಯ ಮೇಲೆ ಬಿಸಿಲು. ಪಶ್ಚಿಮದಂಚಿನಲ್ಲಿ ಬೂದುಬಣ್ಣದ ಒಂದು ಪಟ್ಟಿ, ಅಷ್ಟೇ. ಫೋನು ತೆಗೆದು ನೋಡಿದೆ. ಮಿಂಚು ಹದಿನಾಲ್ಕು ಮೈಲಿ ಆಚೆ ಎಂದು ತೋರಿಸಿತು. ಫೋನಿನ ಲೆಕ್ಕಕ್ಕೆ ಹತ್ತು ಮೈಲಿಯೊಳಗೆ ಬಂದರೆ ಮಾತ್ರ ಅಪಾಯ. ಆದರೆ ಫೋನು ಏನೇ ಹೇಳಲಿ, ಕಿವಿಗೆ ಕೇಳಿಸಿದರೆ ನಿಲ್ಲಿಸಲೇಬೇಕು ಎಂದು ನಿಯಮ. ಸರಿಯಾಗಿ ಹೋದ ವರ್ಷದಂತೆಯೇ ನಮ್ಮವರು ಸೋಲುತ್ತಿದ್ದಾರೆ, ಸರಿಯಾಗಿ ಹೋದ ವರ್ಷದವನೇ ನಾನು. ಏನೂ ಕೇಳಿಸಲಿಲ್ಲ ಎಂದು ಹತ್ತು ಸೆಕೆಂಡು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಕಣ್ಣು ಮೈದಾನದ ಕಡೆ ಹೋಯಿತು. ಲೋಹದ ಕೋಲು ಹಿಡಿದ ಇಪ್ಪತ್ತು ಹುಡುಗರು, ಲೋಹದ ಮೆಟ್ಟಿಲ ಮೇಲೆ ಇನ್ನೂರು ಜನ, ಲೋಹದ ಕಂಬದ ಡೇರೆಯ ಕೆಳಗೆ ಅಮ್ಮ. ಬಕೆಟ್ಟು ಬಿಸಾಕಿ ಓಡಿದೆ. ಅಂಕ ಬರೆಯುವ ಮೇಜಿನ ಮೇಲಿದ್ದ ಹಾರ್ನನ್ನು ಎತ್ತಿ ಉದ್ದಕ್ಕೆ ಮೂರು ಸಲ ಊದಿದೆ.

ಡೋಲು ನಿಂತಿತು. ಆಮೇಲೆ ನಗು. ಅವರ ತರಬೇತುದಾರ ಬ್ರಾಂಡ್ವೋಲ್ಡ್ ಎರಡೂ ಕೈ ಸೊಂಟಕ್ಕಿಟ್ಟು, “ಇವತ್ತು ಯಾವ ಹಾಸಿಗೆ ಕಂಪನಿಯಪ್ಪಾ?” ಎಂದರು. ಅದು ಒಳ್ಳೆಯ ಮಾತೇ, ಬೇರೆ ದಿನವಾಗಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ನನ್ನನ್ನು ಕೊಂದದ್ದು ಲೆವೈ. ಶಿರಸ್ತ್ರಾಣ ತೆಗೆದು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, “ಆನ್ಸೆಲ್, ಬೇಡ ಕಣೋ. ಸೋತ್ರೆ ಸೋಲ್ತೀವಿ, ಅದೇನು ಹೊಸದಲ್ಲ. ತಮಾಷೆ ಮಾಡ್ದೆ ಅಂತ ಈಗ್ಲೇ ಹೇಳ್ಬಿಡು, ಕೈ ಮುಗೀತೀನಿ” ಎಂದ. ನಿಜವಾಗಿ ಕೇಳಿಸ್ತು ಕಣೋ ಎಂದರೆ, “ಹೋದ್ವರ್ಷಾನೂ ಇದೇ ಮುಖ ಇಟ್ಕೊಂಡಿದ್ದೆ” ಎಂದುಬಿಟ್ಟ. ಅಮ್ಮ ಹತ್ತಿರ ಬಂದು, “ನನ್ನ ಮುಖ ನೋಡಿ ಹೇಳು” ಎಂದಳು. ನೋಡಿ ಹೇಳಿದೆ. ಹೋಗಿ ಸಾರಿನ ಪಾತ್ರೆ ಮುಚ್ಚಿದಳು. ನಂಬಿದಳೋ, ಸಾರು ಆರುತ್ತಿತ್ತೋ, ಈಗಲೂ ತಿಳಿಯದು.

ರೆಫರಿಗಳಿಗೆ ಬೇರೆ ದಾರಿಯಿರಲಿಲ್ಲ, ಎಲ್ಲರನ್ನೂ ಒಳಗೆ ಕಳಿಸಿದರು. ಮಿಸೆಸ್ ಹೂಕ್‌ಸ್ಟ್ರಾ ಕೈಚೀಲ ತೆರೆದು ತಂತಿ ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿ, “ನನಗೆ ಕೇಳಿಸ್ಲಿಲ್ಲ. ಆದ್ರೆ ನನಗೆ ಅರವತ್ತೆಂಟು” ಎಂದಷ್ಟೇ ಹೇಳಿದರು. ಆ ಅರ್ಧ ಗಂಟೆ ನಾನು ಒಳಾಂಗಣದ ಬಾಗಿಲಲ್ಲಿ ನಿಂತು ಒಂದು ಗುಡುಗಿಗಾಗಿ ಹಂಬಲಿಸಿದ ಹಾಗೆ ಪ್ರಪಂಚದಲ್ಲಿ ಯಾರೂ ಯಾವುದಕ್ಕೂ ಹಂಬಲಿಸಿರಲಾರರು. ಒಂದು ಸಣ್ಣದು ಸಾಕಿತ್ತು, ಮರಿಗುಡುಗು. ಬರಲಿಲ್ಲ. ಬೂದುಪಟ್ಟಿ ಉತ್ತರಕ್ಕೆ ಸರಿದು, ಒಂದು ಹನಿಯನ್ನೂ ಬೀಳಿಸದೆ, ನನ್ನ ಪರಿಚಯವೇ ಇಲ್ಲದ ಹಾಗೆ ಹೊರಟುಹೋಯಿತು.

ಮತ್ತೆ ಆಟ ಶುರುವಾಯಿತು. ಈಗ ಕೇಳು ವಿಧಿಯ ಚೇಷ್ಟೆ. ದಣಿವಾರಿದ ನಮ್ಮ ಹುಡುಗರು ದೆವ್ವ ಹಿಡಿದವರಂತೆ ಆಡಿದರು. ಎಂಟಾಯಿತು, ಒಂಬತ್ತಾಯಿತು. ಸ್ವಂತ ತಂಡ ಗೋಲು ಹೊಡೆದಾಗಲೆಲ್ಲ ತಲೆಯ ಮೇಲೆ ಕೈ ಹೊತ್ತವನು ಈ ಆಟದ ಚರಿತ್ರೆಯಲ್ಲಿ ನಾನೊಬ್ಬನೇ. ಹತ್ತಾದಾಗ ಸಾಕು ನಿಲ್ಲಿಸ್ರೋ ಎಂದು ಗೊಣಗಿದೆ. ಕೊನೆಯ ನಿಮಿಷದಲ್ಲಿ ಹನ್ನೊಂದೂ ಆಯಿತು, ಗೆದ್ದೆವು. ಬ್ರಾಂಡ್ವೋಲ್ಡ್ ಅಂಕಪಟ್ಟಿಯ ಹಿಂಬದಿಯಲ್ಲೇ ದೂರು ಬರೆದುಕೊಟ್ಟರು. ಮಿಸೆಸ್ ಹೂಕ್‌ಸ್ಟ್ರಾ ಟ್ರೋಫಿಯನ್ನು ನಮಗೂ ಕೊಡಲಿಲ್ಲ, ಅವರಿಗೂ ಕೊಡಲಿಲ್ಲ. ತಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಕರೆದುಕೊಂಡು ಹೋದರು. ಬುಧವಾರ ಸಮಿತಿಯ ಮುಂದೆ ವಿಚಾರಣೆ. ಸುಳ್ಳು ಗುಡುಗು ಎಂದು ತೀರ್ಮಾನವಾದರೆ ಟ್ರೋಫಿ ಹೋಗುತ್ತದೆ, ಆ ಒಂಬತ್ತು ಹುಡುಗರ ಮೂರು ವರ್ಷವೂ ಹೋಗುತ್ತದೆ.

ಇವತ್ತು ತಂಡದವರು ನನ್ನನ್ನು ಬೈಯಲಿಲ್ಲ, ಅದೇ ಕಷ್ಟ. ಹೊಸ ಹುಡುಗರು ಏನೂ ಆಗದವರಂತೆ ಅಭ್ಯಾಸಕ್ಕೆ ಬಂದು, ಒಬ್ಬನ ಕೋಲಿನ ಹರಿದ ಬಲೆಯನ್ನು ನಾಲ್ವರು ಸೇರಿ ಕಟ್ಟುತ್ತ ಕೂತಿದ್ದರು. ಸುಳ್ಳು ಹೇಳುತ್ತಿದ್ದ ಕಾಲದಲ್ಲಿ ನನಗೆ ಬೇಕೆಂದಾಗ ಮೂರು ಮೂರು ಸಾಕ್ಷಿ ಸಿಗುತ್ತಿದ್ದವು. ಒಂದೇ ಒಂದು ಸಲ ನಿಜ ಹೇಳಿದ್ದೇನೆ, ಒಂದು ನರಪಿಳ್ಳೆಯೂ ಇಲ್ಲ. ಫೋನಿನ ಹದಿನಾಲ್ಕು ಮೈಲಿ ತೋರಿಸಿದರೆ, ಅಷ್ಟು ದೂರದ್ದು ಕೇಳಿಸುವುದೇ ಇಲ್ಲ ಎನ್ನುತ್ತಾರೆ. ಆದರೂ ಸಮಿತಿಗೆ ಹೇಳಿಕೆ ಬರೆದಿಟ್ಟುಕೊಂಡಿದ್ದೇನೆ. ಮೊದಲ ಕರಡಿನಲ್ಲಿ ಹದಿನೇಳು ಹಾಸ್ಯವಿದ್ದವು, ಎಲ್ಲವನ್ನೂ ಹೊಡೆದುಹಾಕಿದೆ. ಈಗ ಉಳಿದಿರುವುದು ಮೂರು ಸಾಲು: ಕೇಳಿಸಿತು, ನಿಲ್ಲಿಸಿದೆ, ಮತ್ತೆ ಕೇಳಿಸಿದರೆ ಮತ್ತೆ ನಿಲ್ಲಿಸುತ್ತೇನೆ. ಓದಿಕೊಂಡರೆ ಯಾಕೋ ಧೈರ್ಯ ಬರುತ್ತದೆ. ನೀನಾದರೂ ನಂಬು. ಒಬ್ಬರು ನಂಬಿದರೆ ಸಾಕು, ಮಿಕ್ಕದ್ದನ್ನು ನೋಡಿಕೊಳ್ಳುತ್ತೇನೆ.

ಅಪ್ಪ ಅಮ್ಮ ನಿನಗೆ ಮುತ್ತು ಕಳಿಸಿದ್ದಾರೆ. ಮೊಣಕಾಲಿಗೆ ಮಂಜುಗಡ್ಡೆ ಇಟ್ಟುಕೋ, ನಿನ್ನ ಅಧಿಕಾರಿಗಳಿಗೆ ಎದುರುತ್ತರ ಕೊಡಬೇಡ. ನಿನ್ನ ಹಡಗುಗಳೆಲ್ಲ ತೇಲುತ್ತಲೇ ಇರಲಿ.

ನಿನ್ನ ತಮ್ಮ,
ಆನ್ಸೆಲ್
(ಪಂದ್ಯಾವಳಿ ನಿರ್ದೇಶಕ, ಬುಧವಾರದವರೆಗೆ)

ಬುಧವಾರ, ಅವಸರದಲ್ಲಿ: ಅಂಚೆಗೆ ಹಾಕಿರಲಿಲ್ಲ, ಸದ್ಯ. ಈಗಷ್ಟೇ ವಿಚಾರಣೆಯಿಂದ ಬಂದೆ. ನನ್ನ ಮೂರು ಸಾಲು ಓದಿ ಕೂತೆ. ಅಷ್ಟರಲ್ಲಿ ಬಾಗಿಲಲ್ಲಿ ಆಮೋಸ್ ಪೆಟ್ರಿ. ಎರಡು ಗಂಟೆ ಒಬ್ಬನೇ ಕಾರು ಓಡಿಸಿಕೊಂಡು ಬಂದಿದ್ದ. ನಿಂತೇ ಹೇಳಿದ: “ನನಗೂ ಕೇಳಿಸ್ತು. ಇವನು ಬೇಲಿ ಹತ್ರ ಬರೋಕ್ ಮುಂಚೆನೇ ಒಂದ್ಸಲ ಕೇಳಿಸಿತ್ತು. ಮೂರು ಗೋಲು ಮುಂದಿದ್ವಿ, ಸುಮ್ನಿದ್ದೆ.” ಬ್ರಾಂಡ್ವೋಲ್ಡ್ ಸಮಿತಿಯ ಮೇಜಿನಿಂದ ತಮ್ಮ ದೂರಿನ ಕಾಗದವನ್ನು ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ದೂರು ಇಲ್ಲ, ವರ್ಷ ತುಂಬಿದ್ದರಿಂದ ಕಣ್ಗಾವಲೂ ಇಲ್ಲ, ಟ್ರೋಫಿ ನಮ್ಮದು, ಹುಡುಗರು ಆಡುತ್ತಾರೆ. ಹೊರಗೆ ಬಂದ ಮೇಲೆ ಆಮೋಸ್‌ನನ್ನು ಯಾಕೆ ಬಂದೆ ಮಾರಾಯಾ ಎಂದು ಕೇಳಿದೆ. “ಹನ್ನೊಂದನೇ ಗೋಲು ನನ್ನ ಕಾಲ ಸಂದೀಲಿ ಹೋಯ್ತು. ಅದನ್ನ ಗುಡುಗಿನ ತಲೆಗೆ ಕಟ್ಟೋಕೆ ಮನಸ್ಸಾಗ್ಲಿಲ್ಲ” ಎಂದ. ಲೆವೈ ಬಂದು, ನಾನು ನಂಬಬೇಕಿತ್ತು ಎಂದು ಮುಖ ಸಣ್ಣದು ಮಾಡಿಕೊಂಡ. ನಾನಾಗಿದ್ದರೂ ನಂಬುತ್ತಿರಲಿಲ್ಲ ಎಂದೆ. ಮುಂದಿನ ವರ್ಷದ ಪಂದ್ಯಾವಳಿ ಗ್ರೇ ಬ್ಲಫ್‌ನಲ್ಲಂತೆ. ಆಕಾಶ ನೋಡಿಕೊಳ್ಳೋಕೆ ನಮಗೊಬ್ಬರು ಬೇಕು, ನೀನು ಬರ್ತೀಯಾ ಎಂದು ಆಮೋಸ್ ಕೇಳಿದ. ಅಷ್ಟು ಹೊತ್ತಿಗೆ ನನ್ನ ಓದು ಮುಗಿದು ಎಲ್ಲಿರುತ್ತೇನೋ ಗೊತ್ತಿಲ್ಲ. ಬರುತ್ತೇನೆ ಎಂದಿದ್ದೇನೆ.