ನೀವು ಬಿಸಿಲಿಗೆ ಹಾಕಿದ ಹುಳುಗಳು

ಅತ್ತೆವ್ವಾ,

ನೀವು ಇರುವತನಕ ನಿಮ್ಮೆದುರು ಸೆರಗು ಜಾರಗೊಡಲಿಲ್ಲ, ದನಿ ಏರಿಸಲಿಲ್ಲ. ಈಗ ಏರಿಸುತ್ತೇನೆ. ನಡುವೆ ಬಾಯಿ ಹಾಕಲು ನೀವಿಲ್ಲ, ಅಷ್ಟಾದರೂ ಅನುಕೂಲವಾಯಿತು. ನೀವು ಹೋದ ಮೇಲೆ ಮಾತಾಡಿಸಲು ಬಂದವರೆಲ್ಲ ನಿಮ್ಮನ್ನು ದೇವರಂಥ ಹೆಂಗಸು ಎಂದು ಹೊಗಳಿ ಚಹಾ ಕುಡಿದು ಹೋದರು. ನಾನು ಚಹಾ ಕೊಟ್ಟೆ. ಹೊಗಳುವುದು ನನ್ನಿಂದ ಆಗಲಿಲ್ಲ.

ಹಿತ್ತಲಿಗೆ ಫರಸಿಕಲ್ಲು ಹಾಸಿಸಿದ ದಿನ ನೆನಪಿದೆಯೇ? ಕೆಸರು ಬೇಡ, ಧೂಳು ಬೇಡ ಎಂದು ಮಗನ ಬೆನ್ನು ಹತ್ತಿದವರು ನೀವು. ಹುನಗುಂದದಲ್ಲಿ ಇಷ್ಟು ಚೊಕ್ಕ ಹಿತ್ತಲು ಇನ್ನೊಂದಿಲ್ಲ ಎಂದು ಬೀಗಿದ್ದೇ ಬೀಗಿದ್ದು. ಕೋಳಿಗಳು ಕೆದರುವುದು ಎಲ್ಲಿ ಎಂದು ಯಾರಾದರೂ ಕೇಳಿದರೇ? ಮಣ್ಣಿಲ್ಲ, ಹುಳವಿಲ್ಲ. ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನತೊಡಗಿದವು. ನಿಮ್ಮ ಮುದ್ದಿನ ಕೋಳಿ ಕೆಂದಿಯ ಬೆನ್ನು ಬೋಳಾಗಿ ರಕ್ತ ಜಿನುಗಿದಾಗ, ದೃಷ್ಟಿಯಾಗಿದೆ ಎಂದು ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಿರಿ. ಮನೆಮಂದಿಯೆಲ್ಲ ಕೆಮ್ಮಿದೆವು. ಕೆಂದಿಯ ಬೆನ್ನು ಮಾತ್ರ ಹಾಗೇ ಇತ್ತು.

ಬಾಗಲಕೋಟೆಯಿಂದ ನಾನು ಕೋಳಿಗಳಿಗೆಂದು ಹುಳು ತಂದ ಸಂಜೆ ನೀವು ಬಾಗಿಲಲ್ಲೇ ಕೂತಿದ್ದಿರಿ. ಮೊಬೈಲಿನಲ್ಲಿ ನೋಡಿ, ಪಕ್ಷಿ ಸಾಕುವವರೊಬ್ಬರ ಹತ್ತಿರ ಒಂದು ಬೊಗಸೆ ತಂದಿದ್ದೆ. ಅವರು ಮೀಲ್‌ವರ್ಮ್ ಅಂದರು, ನಾನು ಬೂಸಾದ ಹುಳು ಅಂದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗೋಧಿಬೂಸಾ ಹರವಿ, ನೀರಿನ ಬದಲು ಗಜ್ಜರಿಯ ಹೋಳು ಇಟ್ಟರೆ ಸಾಕು, ತಮ್ಮಷ್ಟಕ್ಕೆ ತಾವು ಬೆಳೆಯುತ್ತವೆ. ಹುಳು ಗೊಂಬೆಯಂಥ ಬಿಳಿ ಕೋಶವಾಗಿ, ಕೋಶ ಕರಿ ಜೀರುಂಡೆಯಾಗಿ, ಜೀರುಂಡೆ ತತ್ತಿ ಇಟ್ಟು ಮತ್ತೆ ಹುಳು. ನನಗೆ ಅದನ್ನು ನೋಡುವುದೇ ಒಂದು ಖುಷಿಯಾಗಿತ್ತು. ನೀವು ಡಬ್ಬಿಗೆ ಇಣುಕಿ, ಮರುದಿನ ನಳದ ಹತ್ತಿರ ಇಡೀ ಓಣಿಗೆ ಕೇಳುವಂತೆ ಹೇಳಿದಿರಿ: "ನಾವು ಜ್ವಾಳಕ್ಕ ಹುಳ ಬೀಳಬಾರದಂತ ಬೂದಿ ಕಲಸ್ತೇವಿ, ಬೇವಿನ ತಪ್ಪಲಾ ಹಾಕ್ತೇವಿ. ನಮ್ಮ ಸೊಸಿ ಹುಳಕ್ಕ ಗಜ್ಜರಿ ಹೆಚ್ಚಿ ಹಾಕ್ತಾಳ."

ಅವತ್ತಿನಿಂದ ನಾನು ಓಣಿಗೆ ಹುಳದ ಸೊಸಿ. ನಿಮ್ಮ ಮಗಳು ರತ್ನವ್ವ ಇಳಕಲ್ಲಿನಿಂದ ಬಂದಾಗಲೆಲ್ಲ ನನ್ನ ಕೈಯ ರೊಟ್ಟಿಯನ್ನು ತಿರುವಿ ತಿರುವಿ ನೋಡಿ ತಿನ್ನುತ್ತಿದ್ದಳು. ಆದರೆ ಕೆಂದಿಯ ಬೆನ್ನಿನ ಮೇಲೆ ಹೊಸ ಪುಕ್ಕ ಬಂತಲ್ಲ, ಅದನ್ನು ನೀವು ಕಂಡಿರಿ. ಕಂಡೂ ಮೆಣಸಿನಕಾಯಿಯ ಗುಣ ಎಂದಿರಿ. ಒಮ್ಮೆ, ಒಂದೇ ಒಮ್ಮೆಯೂ ನಿಮ್ಮ ಬಾಯಿಂದ ಹುಳುವಿನ ಗುಣ ಎಂದು ಬರಲಿಲ್ಲ.

ಬೇಸಿಗೆಯಲ್ಲಿ ನಾನು ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಹೋಗಿ ಸಂಜೆ ತಿರುಗಿ ಬಂದರೆ, ಮಾಳಿಗೆಯ ಅಂಚಿನ ತುಂಬ ಕಾಗೆ ಕೂತಿದ್ದವು. ಅವುಗಳಿಗೆ ಹಾರುವಷ್ಟೂ ಹೊಟ್ಟೆ ಹಗುರವಿರಲಿಲ್ಲ. ನೀವು ನನ್ನ ಡಬ್ಬಿಯನ್ನು ಹಳೇ ಸೀರೆಯ ಮೇಲೆ ಸುರಿದು, ಮಾಳಿಗೆಯ ಉರಿಬಿಸಿಲಿನಲ್ಲಿ ಹರವಿ, ಜರಡಿ ಹಿಡಿದು, ಒಂದೂ ಹುಳವಿಲ್ಲದ ಬೂಸಾವನ್ನು ಪುಟ್ಟಿಯಲ್ಲಿ ತುಂಬಿಟ್ಟಿದ್ದಿರಿ. "ಬೂಸಾಕ್ಕ ಹುಳ ಬಿದ್ದಿದ್ವು. ಬಿಸಲಿಗೆ ಹಾಕಿ ಚೊಕ್ಕ ಮಾಡೀನಿ" ಎಂದಿರಿ. ಹುಳ ಬಿದ್ದ ಕಾಳನ್ನು ನಿಮ್ಮ ಕೈ ತಾನಾಗಿಯೇ ಬಿಸಿಲಿಗೆ ಒಯ್ಯುತ್ತದೆ, ಗೊತ್ತು. ಆದರೆ ತಿಂಗಳುಗಟ್ಟಲೆ ಬೈದುಕೊಂಡು ನೋಡಿದ ಡಬ್ಬಿ ಅದು. ಮರೆತು ಮಾಡಿದಿರೋ, ಬೇಕೆಂದೇ ಮಾಡಿದಿರೋ? ಅವತ್ತು ಕೇಳದೆ ಖಾಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಮುಂದೆ ಕೇಳೋಣವೆಂದರೆ, ಮಳೆಗಾಲ ಮುಗಿಯುವುದರೊಳಗೆ ನೀವೇ ಹೊರಟುಬಿಟ್ಟಿರಿ. ನಿಮ್ಮ ಜರಡಿಗೂ ಸಿಗದೆ ಡಬ್ಬಿಯ ತಳಕ್ಕೆ ಅಂಟಿಕೊಂಡಿದ್ದ ತತ್ತಿಗಳಿಂದ ನಾನು ಮತ್ತೆ ಎರಡು ಡಬ್ಬಿ ಎಬ್ಬಿಸಿದ್ದೆ. ಅದೂ ನಿಮಗೆ ಗೊತ್ತಿತ್ತು.

ಇನ್ನು ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನಿಮ್ಮ ದಿವಸ ಮಾಡಿದ ಮಧ್ಯಾಹ್ನ ಮಾಳಿಗೆಯ ಮೇಲೆ ಎಡೆ ಇಟ್ಟೆವು. ಹೋಳಿಗೆ, ಎಣಗಾಯಿ, ನಿಮ್ಮ ಎಲೆಯಡಿಕೆ, ಎಲ್ಲ. ಕಾಗೆ ಬಂದವು, ಅಂಚಿಗೆ ಕೂತವು, ಮುಟ್ಟಲಿಲ್ಲ. ನಿಮ್ಮ ಮಗ ಕೈ ಮುಗಿದು ನಿಮ್ಮ ಕೋಳಿಗಳನ್ನು ಮಾರುವುದಿಲ್ಲ ಎಂದು ಮಾತು ಕೊಟ್ಟರು. ಮುಟ್ಟಲಿಲ್ಲ. ಹಸಿದ ಮಂದಿ ಕೆಳಗೆ ಕಾಯುತ್ತಿದ್ದರು. ಆಗ ರತ್ನವ್ವ ನನ್ನ ಕಡೆ ನೋಡಿದಳು. "ಆ ಹುಳ ಮನ್ಯಾಗ ಇರೂತನಾ ಅವ್ವ ಮುಟ್ಟೂದಿಲ್ಲ. ತಂದು ಅವ್ವನ ಮುಂದ ಸುರೀಲಿ, ಇನ್ನ ಸಾಕೂದಿಲ್ಲಂತ ಮಾತ ಕೊಡಲಿ." ಯಾರೂ ಬೇಡ ಎನ್ನಲಿಲ್ಲ. ನನ್ನ ಗಂಡನೂ.

ಮೆಟ್ಟಿಲಿಳಿದು ಒಂದು ಡಬ್ಬಿ ತಂದೆ. ಸತ್ತ ಮೇಲೂ ನೀವೇ ಗೆದ್ದಿರಿ ಎಂದು ಹಲ್ಲು ಕಚ್ಚಿ ಎಡೆಯ ಪಕ್ಕ ಸುರಿದೆ. ಮಾತು ಕೊಡಲು ಬಾಯಿ ತೆರೆಯುವಷ್ಟರಲ್ಲಿ ಕಾಗೆಗಳು ಮೈಮೇಲೆ ಬಿದ್ದಂತೆ ಇಳಿದವು. ಮೊದಲು ಹುಳ. ಪೂರಾ ಹುಳ. ಆಮೇಲೆ ಬಾಯಿ ಒರೆಸಿಕೊಳ್ಳುವವರಂತೆ ಹೋಳಿಗೆಗೆ ಕೊಕ್ಕು ಹಾಕಿದವು. ನಿಮ್ಮ ತಂಗಿ, ಸಣ್ಣತ್ತೆ, ನೋಡಿ ಹೇಳಿದರು: "ಹೋಳಿಗಿ ಬಿಟ್ಟು ಮದ್ಲ ಹುಳ ಮುಟ್ಯಾಳ. ಅಕಿಗಿ ಬೇಕಾಗಿದ್ದು ಅದ. ಸುಮ್ಮನ ಸಾಕವಾ ನೀ." ರತ್ನವ್ವ ಊಟದ ಎಲೆ ಹಾಕಲು ಕೆಳಗೆ ಇಳಿದಳು.

ಆ ಕಾಗೆಗಳಿಗೆ ಆ ರುಚಿ ಹಚ್ಚಿದವರು ಯಾರು, ಅದೇ ಮಾಳಿಗೆಯ ಮೇಲೆ, ಬೇಸಿಗೆಯಲ್ಲಿ? ನನಗೆ ಗೊತ್ತು, ನಿಮಗೆ ಗೊತ್ತು. ನಾನು ಯಾರಿಗೂ ಹೇಳಿಲ್ಲ. ಓಣಿಯಲ್ಲೀಗ ಅತ್ತೆಯೇ ಒಪ್ಪಿದ ಹುಳು ಎನ್ನುತ್ತಾರೆ. ಹೋದ ವಾರ ರತ್ನವ್ವ ಕತ್ತು ಬಗ್ಗಿಸಿಕೊಂಡು ಬಂದು, ತನ್ನ ಕೋಳಿಗಳಿಗೂ ಬೇಕೆಂದು ಒಂದು ಡಬ್ಬಿ ಒಯ್ದಳು. ಬಿಸಿಲಿಗೆ ಇಡಬೇಡ ಎಂದು ಹೇಳಿ ಕಳಿಸಿದ್ದೇನೆ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ಅತ್ತೆವ್ವಾ. ಇಳಿಸುವ ಮನಸ್ಸೂ ಇಲ್ಲ. ಬರುವ ವರ್ಷದ ಎಡೆಗೂ ಹೋಳಿಗೆಯ ಪಕ್ಕ ಒಂದು ಬೊಗಸೆ ಹುಳ ಇಡುತ್ತೇನೆ. ಬೇಡವಾದರೆ ಮುಟ್ಟಬೇಡಿ, ನೋಡೋಣ.

ನಿಮ್ಮ ಹುಳದ ಸೊಸೆ