ಅದ್ನಾನ್ ಫೋನ್ ಮಾಡಿದ್ದಾನೆ

ಆರ್.ಟಿ. ನಗರ
12 ಅಕ್ಟೋಬರ್ 2025

ನನ್ನ ನಿಶಾತ್ ಆಪಾ,

ಸಲಾಂ. ಅಟ್ಟೂರಿನ ಬಸ್ಸು ಹತ್ತಿದ್ದರೆ ನಿನ್ನ ಮುಂದೆ ಕೂತೇ ಹೇಳಬಹುದಿತ್ತು. ಎರಡು ಸಲ ಬಂದೆ ಕೂಡ. ಒಮ್ಮೆ ನಿನ್ನ ಅತ್ತೆ ಇದ್ದರು, ಇನ್ನೊಮ್ಮೆ ನಿನ್ನ ಹೊರತು ಯಾರೂ ಇರಲಿಲ್ಲ. ಎರಡು ಸಲವೂ ಚಹಾ ಕುಡಿದು ವಾಪಸ್ಸಾದೆ. ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತು. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮಿಯ ಕೈಗೆ ಸಿಕ್ಕರೂ ಅವಳು ಓದಲಾರಳು.

ಎಂ.ಎ. ಮುಗಿದ ಮೇಲೆ ನಾನು ಹೆಬ್ಬಾಳದ ರಾಧಾಮಣಿ ಮೇಡಂ ಹತ್ತಿರ ಹೋಗುತ್ತಿದ್ದೇನಲ್ಲ, ಅಲ್ಲಿಂದ ಶುರುವಾಯಿತು. ಕಾಣೆಯಾಗಿ ಹತ್ತು ವರ್ಷ ದಾಟಿದವರನ್ನು ಯಾರೂ ಕೇಳುವುದಿಲ್ಲ. ಅಂಥವರಿಗೆ ಮೇಡಂ ಹೊಸದಾಗಿ ಪೋಸ್ಟರ್ ಮಾಡಿಸಿ ಬಸ್ ನಿಲ್ದಾಣಗಳಲ್ಲಿ ಅಂಟಿಸುತ್ತಾರೆ. ಬರೆಯುವುದು ನನ್ನ ಕೆಲಸ. ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು ಎಂದು ಹಳೆಯ ದೂರುಗಳಲ್ಲಿ ಎಲ್ಲರಿಗೂ ಒಂದೇ ಮುಖ. ನಾನು ಮನೆಯವರನ್ನು ಕೇಳಿ ಬರೆಯುತ್ತೇನೆ: ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಲಗಿವಿ ಕೇಳಿಸದು, ಎಡಗಡೆ ನಿಂತು ಕರೆಯಿರಿ. ಇಪ್ಪತ್ತಾರು ಜನರದ್ದು ಬರೆದಾಗಿತ್ತು. ನಮ್ಮ ಮನೆಯ ಸಂಗತಿ ಮೇಡಂಗೆ ಹೇಗೋ ತಿಳಿದು, "ಊರೋರ್ದೆಲ್ಲಾ ಬರೀತೀಯ, ನಿಮ್ಮಣ್ಣಂದು ಯಾಕೇ ಬರ್ದಿಲ್ಲ ಹುಡ್ಗಿ?" ಎಂದರು.

ಅದಕ್ಕೇ ದೂರಿನ ಪ್ರತಿ ಕೇಳಲು ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೆಬಲ್ ಲಕ್ಕಣ್ಣನವರು, "ಏನಮ್ಮಾ, ಹನ್ನೊಂದು ವರ್ಷ ಆದ್ಮೇಲೆ ಅಣ್ಣ ನೆನಪಾದ್ನಾ?" ಎಂದು ರೇಗಿಸಿದರೂ ಎರಡು ದಿನ ಧೂಳಿನಲ್ಲಿ ಹುಡುಕಿದರು. ಮೂರನೇ ದಿನ ಕಡತವನ್ನು ನನ್ನ ಕಡೆ ತಿರುಗಿಸಿದರು. "ಇದು ಆವತ್ತೇ ಕ್ಲೋಸ್ ಆಗೈತೆ ಕಣಮ್ಮ. ನಿಮ್ಮಮ್ಮಾನೇ ಬಂದು ಹೇಳವ್ರೆ."

ಆ ಸಾಲುಗಳು ನನಗೆ ಬಾಯಿಪಾಠವಾಗಿವೆ. "ದಿನಾಂಕ 15-4-2014ರಂದು ಪಿರ್ಯಾದಿಯು ಠಾಣೆಗೆ ಹಾಜರಾಗಿ, ತನ್ನ ಮಗನು ಮುಂಬೈನಿಂದ ಫೋನ್ ಮಾಡಿ ತಾನು ಕ್ಷೇಮವಾಗಿರುವುದಾಗಿ ತಿಳಿಸಿರುತ್ತಾನೆ, ಮುಂದಿನ ಕ್ರಮದ ಅಗತ್ಯವಿರುವುದಿಲ್ಲವೆಂದು ಹೇಳಿಕೆ ನೀಡಿರುತ್ತಾರೆ." ಕೆಳಗೆ ಅಮ್ಮಿಯ ಉರ್ದು ಸಹಿ.

ಆಪಾ, ಅದ್ನಾನ್ ಫೋನ್ ಮಾಡಿರಲಿಲ್ಲ.

ಏಪ್ರಿಲ್ ಒಂಬತ್ತರ ಬೆಳಿಗ್ಗೆ ಯಶವಂತಪುರದ ಮೊಬೈಲ್ ಅಂಗಡಿಗೆಂದು ಹೋದವನು ಬರಲಿಲ್ಲ. ಐದು ದಿನ ಅಮ್ಮಿ ಅನ್ನ ಮುಟ್ಟಲಿಲ್ಲ. ನೀನು ಹೆರಿಗೆಗೆ ಆಸ್ಪತ್ರೆಯಲ್ಲಿದ್ದೆ. ಮನೆಯಲ್ಲಿ ಅವಳು ಮತ್ತು ನಾನು. ನನಗೆ ಹನ್ನೆರಡು. ಅವಳು ಬಚ್ಚಲಲ್ಲಿ ಬಿದ್ದು, ಎಬ್ಬಿಸಿದರೆ ಏಳದೆ ನನ್ನನ್ನೇ ನೋಡುತ್ತಿದ್ದಳು. ಅಮ್ಮಿಯೂ ಹೋಗಿಬಿಡುತ್ತಾಳೆ ಅನ್ನಿಸಿತು. ಹದಿನಾಲ್ಕರ ಸಂಜೆ, ಭಾಯಿ ಫೋನ್ ಮಾಡಿದ್ದ, ಮುಂಬೈನಲ್ಲಿ ಕೆಲಸ ಸಿಕ್ಕಿದೆಯಂತೆ ಎಂದೆ. ಯಾವ ನಂಬರಿಂದ ಎಂದು ಕೇಳಿದಳು. ಕಾಯಿನ್ ಬೂತಿನಿಂದ ಎಂದೆ. ಅವಳು ಎದ್ದು ಮುಖ ತೊಳೆದು ಎರಡು ತಟ್ಟೆ ಅನ್ನ ತಿಂದಳು. ಅಷ್ಟು ಖುಷಿಯಲ್ಲಿ ನಾನು ಯಾವತ್ತೂ ಯಾರ ಊಟವನ್ನೂ ನೋಡಿಲ್ಲ. ಬೆಳಿಗ್ಗೆ ಅವಳು ಠಾಣೆಗೆ ಹೋಗಿದ್ದು ನನಗೆ ಗೊತ್ತಿರಲಿಲ್ಲ. ನಂಬು.

ಆಮೇಲೆ ಹೇಳಬಹುದಿತ್ತು. ಪ್ರತಿ ಈದ್‌ಗೂ ಹೇಳಬೇಕೆಂದುಕೊಂಡೆ. ನೂರುಲ್ಲಾ ಮಾಮು, ಇನ್ನು ಅವನು ಇಲ್ಲವೆಂದೇ ತಿಳಿದು ಅವನ ಹೆಸರಲ್ಲಿ ಫಾತಿಹಾ ಓದಿಸೋಣ ಎಂದಾಗ ಅಮ್ಮಿ ಅವರನ್ನು ಮನೆಯಿಂದ ಎಬ್ಬಿಸಿ ಕಳಿಸಿದಳು. ಫೋನ್ ಮಾಡಿದವನಿಗೆ ಫಾತಿಹಾ ಓದಿಸುತ್ತೀಯಾ ಎಂದಳು. ನಾನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದೆ.

ಕೇಸನ್ನು ಮತ್ತೆ ತೆರೆಯಬೇಕಾದರೆ, ಅಂಥ ಫೋನ್ ಬರಲೇ ಇಲ್ಲವೆಂದು ಅಮ್ಮಿಯೇ ಬಂದು ಹೇಳಿಕೆ ಕೊಡಬೇಕಂತೆ. ಅದಕ್ಕೂ ಮೊದಲು ಲಕ್ಕಣ್ಣನವರು ಆ ತಿಂಗಳು ಗುರುತು ಸಿಗದೆ ಹೋದ ಶವಗಳ ಫೋಟೊ ಆಲ್ಬಮ್ ತರಿಸಿ, "ಒಂದ್ಸಲ ನೋಡ್ಬಿಡಮ್ಮ, ಇಲ್ಲಾಂದ್ರೆ ಇಲ್ಲ ಅಂತ ಬರ್ಕೋತೀನಿ" ಎಂದರು. ಎಲ್ಲ ಪುಟ ನೋಡಿದೆ. ಅವನು ಇರಲಿಲ್ಲ.

ಈಗ ಉಳಿದಿರುವುದು ಅಮ್ಮಿಗೆ ಹೇಳುವುದೊಂದೇ. ಅವಳು ಹನ್ನೊಂದು ವರ್ಷ ಬದುಕಿರುವುದು ಆ ಒಂದು ಫೋನಿನ ಮೇಲೆ. ಅದನ್ನು ಕಿತ್ತುಕೊಳ್ಳಲು ನನ್ನ ಕೈಲಾಗದು. ಆಪಾ, ನೀನು ಹೇಳುತ್ತೀಯಾ? ಹೇಳಿದ ಮೇಲೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ನೀವಿಬ್ಬರೇ ನಿರ್ಧರಿಸಿ.

ನಿನ್ನ ತಂಗಿ
ಜೋಯಾ

ತಾ.ಕ.: ಲಕೋಟೆ ಅಂಟಿಸಲಾಗಲಿಲ್ಲ. ಆಲ್ಬಮ್ ಬಗ್ಗೆ ಮೇಲೆ ಬರೆದದ್ದು ನಿಜವಲ್ಲ. ಒಂಬತ್ತನೇ ಪುಟದಲ್ಲಿ ಇದ್ದಾನೆ. ಆ ಸೆಕೆಯಲ್ಲೂ ಯಾವಾಗಲಿನಂತೆ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದಾನೆ. ಹದಿನೇಳರ ಬೆಳಿಗ್ಗೆ ರೈಲು ಹಳಿಯ ಪಕ್ಕ ಸಿಕ್ಕಿದ್ದು, ಜೀವ ಹೋಗಿ ಕೆಲವೇ ಗಂಟೆಯಾಗಿತ್ತು ಎಂದು ಕೆಳಗೆ ಬರೆದಿದೆ. ಅಮ್ಮಿ ಠಾಣೆಗೆ ಹೋಗಿದ್ದು ಹದಿನೈದಕ್ಕೆ. ಮೂರು ದಿನ ಇಟ್ಟುಕೊಂಡು, ಕೇಳುವವರಿಲ್ಲವೆಂದು ಮಣ್ಣು ಮಾಡಿದ್ದಾರೆ. ಲಕ್ಕಣ್ಣನವರು ಕೇಳಿದರು. ನಾನು, "ಇದ್ರಲ್ಲಿಲ್ಲ ಸರ್" ಎಂದೆ. ಅವರು ಹಾಗೆಯೇ ಬರೆದುಕೊಂಡರು. ಕೆಳಗೆ ನಾನು ಸಹಿ ಮಾಡಿದೆ.