ಆ ಮೂಟೆಯನ್ನು ನೀವೇ ಹೊತ್ತು ತನ್ನಿ

ಯಸಳೂರು

ಸುಲೋಚನಾ ಟೀಚರ್‌ಗೆ,

ನಮಸ್ಕಾರ ಬರೆಯಲು ಮನಸ್ಸಿಲ್ಲ. ನಿಮ್ಮ ಮಗಳು ಸ್ನೇಹಾ ಕೇಳಿಕೊಂಡಿದ್ದರಿಂದ ಈ ಪತ್ರ.

ನಾನು ವಾಣಿ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯವಳು. ನಿಮ್ಮ ಭರತನಾಟ್ಯದ ಕ್ಲಾಸಿನಲ್ಲಿ ನನ್ನ ಕಾಲು ಸಾಕಷ್ಟು ಅಗಲವಾಗುವುದಿಲ್ಲವೆಂದು ತೊಡೆಯ ಮೇಲೆ ಅರ್ಧ ಮೂಟೆ ಕಾಫಿ ಹೇರಿಸಿದಿರಿ. ನಾನು ಕಿರುಚಿದಾಗ, "ಲೈನ್ ಮಕ್ಕಳ ಮೈ ಹಣ್ಣು ಕುಯ್ಯೋಕಷ್ಟೇ ಬಗ್ಗೋದು ಕಣೇ" ಎಂದು ನಕ್ಕಿರಿ. ತೊಡೆಯ ಸ್ನಾಯು ಹರಿಯಿತು. ನನ್ನ ನೃತ್ಯ ಅಲ್ಲಿಗೇ ಮುಗಿಯಿತು.

ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರದಿಂದ ಶುರು ಮಾಡಿ ಸಿಕ್ಕಿದ್ದನ್ನೆಲ್ಲ ಓದಿದೆ. ಮೊದಲು ಮೈ ಬಿಸಿಯಾಗಬೇಕು, ಉಸಿರು ಬಿಡುತ್ತಾ ನಿಧಾನವಾಗಿ ಕಾಲು ಚಾಚಬೇಕು, ನೋವು ಬಂದಲ್ಲಿ ನಿಲ್ಲಿಸಬೇಕು. ದೇಹ ಅವರವರದು; ಅದರ ಮೇಲೆ ಭಾರ ಹೇರುವ ಹಕ್ಕು ಯಾವ ಗುರುವಿಗೂ ಇಲ್ಲ. ಈಗ ಕಾಫಿ ಒಣಗಿಸುವ ಕಣದಲ್ಲಿ ಲೈನಿನ ಹುಡುಗಿಯರಿಗೆ ಇದನ್ನೇ ಕಲಿಸುತ್ತಿದ್ದೇನೆ.

ಹೋದ ವಾರ ಸ್ನೇಹಾ ಅಲ್ಲಿಗೆ ಕುಂಟುತ್ತಾ ಬಂದಳು. ಮನೆಯಲ್ಲಿ ಅವಳ ತೊಡೆಯ ಮೇಲೂ ನೀವು ಹೇರಿದ ಅದೇ ಮೂಟೆಯ ಕೆಲಸ. "ನಮ್ಮಮ್ಮಂಗೆ ನೀವೇ ಬರೀರಿ ಅಕ್ಕಾ, ನಂಗೆ ಭಯ ಆಗ್ತೈತೆ" ಎಂದಳು. ಅವಳನ್ನು ತಕ್ಷಣ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಅವಳ ಕಾಲು ಮುಟ್ಟಬೇಡಿ. ವಾಸಿಯಾದ ಮೇಲೆ ನನ್ನ ಹತ್ತಿರವೇ ಕಲಿಯುತ್ತಾಳಂತೆ. ನಾನು ಒಪ್ಪಿದ್ದೇನೆ.

ಭಾನುವಾರ ನೀವು ಕಣಕ್ಕೆ ಬನ್ನಿ. ಆ ಮೂಟೆಯನ್ನು ಆಳಿನ ಕೈಯಲ್ಲಿ ಕಳಿಸಬೇಡಿ, ಲೈನ್ ಮನೆಗಳ ಮುಂದೆ ನೀವೇ ಹೊತ್ತು ತನ್ನಿ. ಮಕ್ಕಳೆಲ್ಲ ನಿಂತು ನೋಡುತ್ತಾರೆ. ಇಳಿಸುವಾಗ ಮಂಡಿ ಮಡಿಸಿ, ಇಲ್ಲದಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ. ಬಗ್ಗಲು ಬಾರದಿದ್ದರೆ ಹೇಳಿ, ಕಲಿಸುತ್ತೇನೆ.

ನಿಮ್ಮನ್ನು ಮರೆಯದ,
ವಾಣಿ